ಪಾಕ ನೋಡಲು ಬರುತ್ತದೆ

ಈ ಸಂಚಿಕೆಗೆ ನೆನಪಿನ ಲೇಖನವೊಂದನ್ನು ಬರೆದುಕೊಡಬೇಕೆಂದು ಕೇಳಿದ ಸಂಪಾದಕ ಮಂಡಳಿಯವರು ಅದರ ಜೊತೆಗೆ ಒಂದು ಪುಟದ ಮಾಹಿತಿ ಪತ್ರವನ್ನೂ ಕಳಿಸಿದ್ದರು. ಹೆಸರು, ಓದಿದ ವರ್ಷ, ಉದ್ಯೋಗ ಇವೆಲ್ಲವನ್ನೂ ಎರಡು ನಿಮಿಷದಲ್ಲಿ ತುಂಬಿದ ನಾನು ಕೊನೆಯ ಅಂಕಣದ ಎದುರು ಪೆನ್ನು ಹಿಡಿದು ಕುಳಿತುಬಿಟ್ಟೆ. ಅಲ್ಲಿ ‘ನಿಮ್ಮ ವಿಶೇಷ ಪ್ರತಿಭೆ’ ಎಂದಿತ್ತು. 1986ರಲ್ಲಿ ಮೊದಲ ವರ್ಷದ ಪಿಯುಸಿಗೆ ಸೇರಿದಾಗಲೂ ಇದೇ ಕಾಲೇಜಿನಲ್ಲಿ ಇಂಥದ್ದೇ ಒಂದು ಕಾಗದ ಕೊಟ್ಟಿದ್ದರು. ಹಾಡು, ನಾಟಕ, ಚರ್ಚೆ, ಚಿತ್ರಕಲೆ, ಆಟ ಎಂದು ಐದು ಹೆಸರುಗಳಿದ್ದವು. ನಮಗೆ ಬರುವುದರ ಮುಂದೆ ಗುರುತು ಹಾಕಬೇಕಿತ್ತು. ನಾನು ಯಾವುದಕ್ಕೂ ಗುರುತು ಹಾಕದೆ, ಕೆಳಗೆ ‘ಏನೂ ಇಲ್ಲ’ ಎಂದು ದುಂಡಗೆ ಬರೆದು ಕೊಟ್ಟಿದ್ದೆ. ಅಕ್ಷರ ಮುತ್ತಿನ ಹಾಗಿದೆಯೆಂದು ಗುಮಾಸ್ತರು ಹೊಗಳಿದ್ದು ಈಗಲೂ ನೆನಪಿದೆ.

ನಮ್ಮ ಊರು ಮಂಡ್ಯದಿಂದ ಹನ್ನೊಂದು ಕಿಲೋಮೀಟರ್ ದೂರದಲ್ಲಿ, ವಿಶ್ವೇಶ್ವರಯ್ಯ ನಾಲೆಯ ಒಂದು ಕವಲಿನ ಅಂಚಿನಲ್ಲಿದೆ. ಕನ್ನಂಬಾಡಿಯ ನೀರು ಈ ಬಯಲಿಗೆ ಹರಿದ ಮೇಲೆ ರಾಗಿಯ ಹೊಲಗಳು ಕಬ್ಬಿನ ಗದ್ದೆಗಳಾದವು, 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಆದರೂ ಕಾರ್ಖಾನೆಗೆ ಹೋಗದೆ ಉಳಿದ ಕಬ್ಬು ಊರೂರಿನ ಆಲೆಮನೆಗಳಲ್ಲಿ ಬೆಲ್ಲವಾಗುತ್ತಲೇ ಇತ್ತು. ಅಂಥ ಒಂದು ಆಲೆಮನೆ ನಮ್ಮದು. ನಮ್ಮದೆಂದರೆ ದೊಡ್ಡಪ್ಪನದು, ಅಪ್ಪ ಅಲ್ಲಿ ಪಾಕ ನೋಡುತ್ತಿದ್ದರು. ಗಾಣದಿಂದ ಇಳಿದ ಕಬ್ಬಿನ ಹಾಲು ಕೊಪ್ಪರಿಗೆಗೆ ಬಿದ್ದು ಒಣಸಿಪ್ಪೆಯ ಉರಿಯಲ್ಲಿ ಕಾಯತೊಡಗಿದ ಮೇಲೆ ಸುಣ್ಣದ ತಿಳಿ ಹಾಕುವುದು, ಬೆಂಡೆ ಗಿಡ ಜಜ್ಜಿದ ಲೋಳೆ ಬಿಡುವುದು, ಮೇಲೆದ್ದ ಮಡ್ಡಿ ತೆಗೆಯುವುದು ಇವೆಲ್ಲ ಹೇಳಿಕೊಟ್ಟರೆ ಯಾರಾದರೂ ಮಾಡಬಹುದಾದ ಕೆಲಸಗಳು. ಎರಡೂವರೆ ಮೂರು ಗಂಟೆಗಳ ಬಳಿಕ ಪಾಕವು ಬೆಲ್ಲವಾಗಲು ಸಿದ್ಧವಾದ ಗಳಿಗೆಯನ್ನು ಹಿಡಿಯುವುದು ಮಾತ್ರ ಒಬ್ಬರ ಪಾಲಿನದು. ತುಸು ಮೊದಲೇ ಇಳಿಸಿದರೆ ಬೆಲ್ಲ ಅಚ್ಚಿನಲ್ಲಿ ನಿಲ್ಲದೆ ಒಸರುತ್ತದೆ. ತಡವಾದರೆ ಸೀದು ಕಪ್ಪಾಗುತ್ತದೆ. ಒಂದು ಟನ್ ಕಬ್ಬಿಗೆ ನೂರು ಕಿಲೋ ಆಸುಪಾಸು ಬೆಲ್ಲ ಬರುವ ಲೆಕ್ಕದಲ್ಲಿ, ಒಂದು ಗಾಡಿ ಕಬ್ಬಿನ ಹಣೆಬರಹವೆಲ್ಲ ಆ ಒಂದೆರಡು ನಿಮಿಷಗಳಲ್ಲಿ ಇರುತ್ತಿತ್ತು.

ಹತ್ತನೆಯ ವಯಸ್ಸಿನಿಂದ ಅಪ್ಪನ ಮಗ್ಗುಲಲ್ಲಿ ನಿಂತು ನೋಡಿದ್ದರಿಂದ ಹೈಸ್ಕೂಲು ಮುಗಿಯುವ ಹೊತ್ತಿಗೆ ನನಗೂ ಅದು ತಿಳಿಯುತ್ತಿತ್ತು. ಅಪ್ಪ ಊಟಕ್ಕೆ ಹೋದ ಹೊತ್ತಿನಲ್ಲಿ ‘ಇಳಿಸಿ’ ಎಂದು ಆಳುಗಳಿಗೆ ಹೇಳುವವನು ನಾನೇ. ಆದರೂ ಅದೊಂದು ವಿದ್ಯೆಯೆಂದು ನನಗೆ ಎಂದೂ ಅನಿಸಿರಲಿಲ್ಲ. ಮನೆಯಲ್ಲಿ ದಿನವೂ ನಡೆಯುವ ಕೆಲಸಕ್ಕೆ ಯಾರೂ ಹೆಸರಿಟ್ಟು ಕರೆಯುವುದಿಲ್ಲ. ಮೇಲಾಗಿ, ಹೊಗೆಯ ವಾಸನೆ ಅಂಟಿದ ಅಂಗಿಯಲ್ಲಿ ಬಸ್ಸು ಹತ್ತಿ ಬಂದು ಪೇಟೆಯ ಹುಡುಗರ ನಡುವೆ ಕೂರುವವನಿಗೆ ಆಲೆಮನೆಯೆಂಬುದು ಮರೆಮಾಚಬೇಕಾದ ಸಂಗತಿಯಾಗಿತ್ತು.

ಅದು ಬಯಲಾದದ್ದು ರಸಾಯನಶಾಸ್ತ್ರದ ಪ್ರಯೋಗಶಾಲೆಯಲ್ಲಿ. ಅಂದು ಪಟಿಕದ ಹರಳು ತಯಾರಿಸುವ ಪ್ರಯೋಗವಿತ್ತು. ಕಾಯುತ್ತಿರುವ ದ್ರಾವಣದಲ್ಲಿ ಗಾಜಿನ ಕಡ್ಡಿಯನ್ನು ಅದ್ದಿ ತೆಗೆದು, ತುದಿಯ ಹನಿಯ ಮೇಲೆ ಊದಿದಾಗ ತೆಳುವಾದ ಪೊರೆ ಕಟ್ಟಿದರೆ ಇಳಿಸಿ ತಣಿಯಲು ಬಿಡಬೇಕು. ಎಲ್ಲರೂ ಮೇಲಿಂದ ಮೇಲೆ ಕಡ್ಡಿ ಅದ್ದಿ ಊದುತ್ತಿದ್ದರು. ನಾನು ಊದದೆಯೇ ಬಟ್ಟಲನ್ನು ಇಳಿಸಿದ್ದನ್ನು ನಮ್ಮ ಮೇಷ್ಟ್ರು ಹಿಂದಿನಿಂದ ನೋಡುತ್ತಿದ್ದರು.

‘ಊದಿ ನೋಡಿದೆಯೇನಯ್ಯಾ?’

‘ಇಲ್ಲ ಸಾರ್.’

‘ಮತ್ತೆ ಹೇಗೆ ಇಳಿಸಿದೆ?’

‘ಗುಳ್ಳೆ ನೋಡ್ದೆ ಸಾರ್. ಬಂದಿತ್ತು.’

‘ಏನು ಬಂದಿತ್ತು?’

‘ಪಾಕ ಸಾರ್.’

ಇಡೀ ಪ್ರಯೋಗಶಾಲೆ ನಕ್ಕಿತು. ಅವರು ನಗಲಿಲ್ಲ. ಎಲ್ಲಿ ಕಲಿತೆ ಎಂದು ಕೇಳಿದರು. ‘ಎಲ್ಲೂ ಕಲೀಲಿಲ್ಲ ಸಾರ್, ನಮ್ಮ ಆಲೆಮನೇಲಿ’ ಎಂದೆ. ಎಲ್ಲೂ ಕಲಿಯಲಿಲ್ಲವೆಂದ ಉಸಿರಿನಲ್ಲಿಯೇ ಕಲಿತ ಜಾಗದ ಹೆಸರನ್ನೂ ಹೇಳಿದ್ದೆನೆಂಬುದು ಆಗ ನನಗೆ ತೋಚಲಿಲ್ಲ. ಮರುದಿನ ನನ್ನ ಪಟಿಕ ದಪ್ಪ ದಪ್ಪ ಹರಳುಗಳಾಗಿ ಕೂತಿತ್ತು.

ಮೈಸೂರಿನಿಂದ ದಿನವೂ ರೈಲಿನಲ್ಲಿ ಬಂದು ಹೋಗುತ್ತಿದ್ದ ಆ ಮೇಷ್ಟ್ರು ಹೊಗಳಿಕೆಯ ವಿಷಯದಲ್ಲಿ ಬಹಳ ಬಿಗಿ. ಅವರು ನನ್ನ ಬೆನ್ನು ತಟ್ಟಲಿಲ್ಲ. ಬಟ್ಟೆಯಲ್ಲಿ ಸುತ್ತಿದ ಒಂದು ಥರ್ಮಾಮೀಟರನ್ನು ಕೈಗೆ ಕೊಟ್ಟು, ‘ನಿನಗೆ ಗೊತ್ತು ಅನ್ನುವುದು ನನಗೆ ಬೇಡ. ಏನನ್ನು ಕಂಡು ನಿನಗೆ ಗೊತ್ತಾಗುತ್ತದೆ ಅನ್ನುವುದನ್ನು ಬರೆದು ತಾ’ ಎಂದರು. ಮೊದಲು ಮನೆಯಲ್ಲಿ ನೀರು ಕುದಿಸಿ ಅಳೆಯಬೇಕೆಂದೂ ತಾಕೀತು ಮಾಡಿದರು. ನೀರು ಕೊತಕೊತ ಕುದಿಯುತ್ತಿದ್ದರೂ ಪಾದರಸ 98ರ ಗೆರೆಯ ಕೆಳಗೇ ನಿಂತಿತು. ಉಪಕರಣ ಕೆಟ್ಟಿದೆಯೆಂದು ಹೆದರಿ ಹೇಳಿದಾಗ ಅವರಿಗೆ ಸಂತೋಷವೇ ಆಯಿತು. ಮಂಡ್ಯ ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿದೆ, ಇಲ್ಲಿ ಗಾಳಿಯ ಒತ್ತಡ ಕಡಿಮೆಯಾದ್ದರಿಂದ ನೀರು 100 ಡಿಗ್ರಿಯ ತನಕ ಕಾಯುವುದಿಲ್ಲವೆಂದು ಕಪ್ಪುಹಲಗೆಯ ಮೇಲೆ ಬರೆದು ವಿವರಿಸಿದರು.

ಥರ್ಮಾಮೀಟರನ್ನು ಬಿದಿರಿನ ಕೋಲಿಗೆ ಕಟ್ಟಿಕೊಂಡು ಒಂದು ವಾರ ಕೊಪ್ಪರಿಗೆಯ ಪಕ್ಕದಲ್ಲಿ ನಿಂತೆ. ಅಪ್ಪ ‘ಇಳಿಸ್ರೋ’ ಎಂದ ಕೂಡಲೇ ಅದ್ದಿ ನೋಡುವುದು ನನ್ನ ಕೆಲಸ. ಆರು ಕೊಪ್ಪರಿಗೆಗಳ ಲೆಕ್ಕ ಹೀಗಿತ್ತು: 116, 115, 116, 117, 116, 116. ಪುಸ್ತಕದಲ್ಲಿ 118 ಎಂದಿತ್ತು. ನಮ್ಮ ಊರಿನ ಎತ್ತರಕ್ಕೆ ಎರಡು ಡಿಗ್ರಿ ಕಳೆದರೆ ಸರಿಹೋಗುತ್ತಿತ್ತು. ಸಹಿ ಮಾಡುವುದರ ಹೊರತು ಬೇರೇನನ್ನೂ ಬರೆಯಲು ಬಾರದ ನನ್ನ ಅಪ್ಪ ಒಂದು ಡಿಗ್ರಿಗಿಂತ ಹೆಚ್ಚು ಆಚೀಚೆ ಹೋಗಿರಲಿಲ್ಲ. ನನಗೋ ಕೋಡು ಮೂಡಿದ ಹಾಗಾಗಿತ್ತು.

ಸಂಖ್ಯೆಗಳನ್ನು ಬರೆದದ್ದು ಸುಲಭವಾಯಿತು. ‘ಏನನ್ನು ಕಂಡು’ ಎಂಬ ಪ್ರಶ್ನೆಗೆ ಉತ್ತರ ಬರೆಯಲು ಕುಳಿತಾಗ ಮಾತ್ರ ಹಾಳೆಯ ಮೇಲೆ ಹಾಳೆ ಹರಿದೆ. ಗುಳ್ಳೆ ದೊಡ್ಡದಾಗುತ್ತದೆ ಎಂದು ಬರೆದೆ. ಮರುದಿನ ನೋಡಿದರೆ ದೊಡ್ಡದಾದ ಮೇಲೂ ಬಹಳ ಹೊತ್ತು ಕಾಯಬೇಕಿತ್ತು. ಬಣ್ಣ ತಿರುಗುತ್ತದೆ ಎಂದು ಬರೆದೆ. ರಾತ್ರಿ ಲಾಟೀನಿನ ಬೆಳಕಿನಲ್ಲಿ ಬಣ್ಣವೇ ಕಾಣದೆಯೂ ಅಪ್ಪ ಇಳಿಸುತ್ತಿದ್ದರು. ಸೋತು ಅವರನ್ನೇ ಕೇಳಿದೆ. ‘ಕಣ್ಗೆ ಕಾಣೋದು ಆಮೇಕೆ ಕಣ್ಲಾ, ಮೊದ್ಲು ಕಿವೀಗೆ ಕೇಳ್ತದೆ’ ಎಂದರು. ಅಂದು ಮೊದಲ ಬಾರಿಗೆ ಕಣ್ಣು ಮುಚ್ಚಿಕೊಂಡು ನಿಂತೆ. ಹಾಲು ತೆಳುವಾಗಿದ್ದಾಗ ಎಡೆಬಿಡದೆ ಸೊರಸೊರ ಎನ್ನುತ್ತದೆ. ಗಟ್ಟಿಯಾಗುತ್ತ ಬಂದಂತೆ ಅದು ಪದಪದ ಎಂಬ ಸದ್ದಾಗುತ್ತದೆ. ಕೊನೆಗೆ ಒಂದೊಂದೇ ಗುಳ್ಳೆ ಬಿರಿಯುವುದು ಬೇರೆ ಬೇರೆಯಾಗಿ, ಬಿಡಿಸಿ ಎಣಿಸಬಹುದಾದಷ್ಟು ನಿಧಾನವಾಗಿ ಕೇಳುತ್ತದೆ. ಆ ಸದ್ದನ್ನು ನಾನು ಆರು ವರ್ಷಗಳಿಂದ ಕೇಳಿಸಿಕೊಳ್ಳುತ್ತಿದ್ದೆ, ಅದನ್ನು ನಂಬಿಯೇ ಕೊಪ್ಪರಿಗೆ ಇಳಿಸುತ್ತಿದ್ದೆ, ಆದರೆ ಕೇಳಿಸಿಕೊಳ್ಳುತ್ತಿದ್ದೇನೆಂಬ ಅರಿವೇ ನನಗಿರಲಿಲ್ಲ. ಇನ್ನೊಬ್ಬರಿಗೆ ಹೇಳಬೇಕಾಗಿ ಬರದಿದ್ದರೆ ಬಹುಶಃ ಇಂದಿಗೂ ಗುಳ್ಳೆಯನ್ನು ನೋಡುತ್ತೇನೆಂದೇ ಹೇಳಿಕೊಂಡು ತಿರುಗುತ್ತಿದ್ದೆ.

ಇಲ್ಲಿಗೆ ನಿಲ್ಲಿಸಿದರೆ ಕಥೆ ನನ್ನ ಪರವಾಗಿಯೇ ಮುಗಿಯುತ್ತದೆ, ನಡೆದದ್ದು ಹಾಗಲ್ಲ. ಮುಂದಿನ ವಾರ ಗಾಣ ಕೆಟ್ಟು, ಕಡಿದಿಟ್ಟ ಕಬ್ಬು ನಾಲ್ಕು ದಿನ ಬಿಸಿಲಿನಲ್ಲಿ ಬಾಡಿತು. ಐದನೆಯ ದಿನ ಅರೆದು ಕೊಪ್ಪರಿಗೆ ಏರಿಸಿದಾಗ ಅಪ್ಪ ‘ಇನ್ನೊಂಚೂರು ತಡೀರಿ’ ಎಂದು ಹೇಳಿ ಗಾಡಿಯವನೊಂದಿಗೆ ಮಾತನಾಡಲು ಹೊರಗೆ ಹೋದರು. ನನ್ನ ಕೋಲು 116 ತೋರಿಸುತ್ತಿತ್ತು. ನಾನು ಇಳಿಸಿಸಿಬಿಟ್ಟೆ. ಸಂಜೆಯಾದರೂ ಬೆಲ್ಲ ಅಚ್ಚಿನ ಹಲಗೆಗೆ ಮೇಣದಂತೆ ಅಂಟಿಕೊಂಡಿತ್ತು. ಅದನ್ನು ಕೆರೆದು ತೆಗೆದು, ಕೇಳಿದ ಬೆಲೆಗೆ ಕೊಟ್ಟದ್ದಾಯಿತು. ಅಪ್ಪ ಒಂದು ಮಾತೂ ಆಡಲಿಲ್ಲ. ದೊಡ್ಡಪ್ಪ ಆಡಿದ ಮಾತುಗಳನ್ನು ಕಾಲೇಜಿನ ಸಂಚಿಕೆಯಲ್ಲಿ ಅಚ್ಚು ಹಾಕುವಂತಿಲ್ಲ. ಬಾಡಿದ ಕಬ್ಬಿನಲ್ಲಿ ಸುಕ್ರೋಸು ಒಡೆದು ಗ್ಲೂಕೋಸು, ಫ್ರಕ್ಟೋಸುಗಳಾಗುತ್ತದೆ, ಅವು ಸುಲಭವಾಗಿ ಹರಳುಗಟ್ಟುವುದಿಲ್ಲ, ಅಂಥ ಪಾಕವನ್ನು ಇನ್ನೂ ಒಂದಿಷ್ಟು ಕಾಯಿಸಬೇಕಾಗುತ್ತದೆ ಎಂದು ಮೇಷ್ಟ್ರು ಆಮೇಲೆ ವಿವರಿಸಿದರು. ನಾನು ಅಳೆಯುತ್ತಿದ್ದದ್ದು ಪಾಕದ ಬಿಸಿಯನ್ನು. ಅಪ್ಪ ಕೇಳಿಸಿಕೊಳ್ಳುತ್ತಿದ್ದದ್ದು ಅದರ ಗಟ್ಟಿತನವನ್ನು.

ಕಾಲೇಜಿನ ವಿಜ್ಞಾನ ಸಂಘದ ಸಭೆಯಲ್ಲಿ ಇದನ್ನೆಲ್ಲ ಹೇಳಬೇಕೆಂದು ಮೇಷ್ಟ್ರು ಗೊತ್ತುಮಾಡಿದಾಗ, ಬೆಲ್ಲ ಕೆಟ್ಟ ಕಥೆಯನ್ನು ಬಿಡಬಾರದೆಂಬುದು ಅವರ ಷರತ್ತಾಗಿತ್ತು. ಅಪ್ಪನೂ ಬರಲಿ ಎಂಬುದು ನನ್ನ ಷರತ್ತು. ಒಂದು ಶನಿವಾರ ಬೆಳಿಗ್ಗೆ ಅಪ್ಪ ಕ್ಯಾನಿನಲ್ಲಿ ಕಬ್ಬಿನ ಹಾಲು ಹಿಡಿದು ಬಸ್ಸಿನಲ್ಲಿ ಬಂದರು. ಪ್ರಯೋಗಶಾಲೆಯ ಬಾಗಿಲಲ್ಲಿ ಚಪ್ಪಲಿ ಕಳಚಿದರು. ಯಾರು ಎಷ್ಟು ಹೇಳಿದರೂ ಸ್ಟೂಲಿನ ಮೇಲೆ ಕೂರಲಿಲ್ಲ. ಸೀಮೆಎಣ್ಣೆಯ ಪಂಪ್ ಸ್ಟೌವಿನ ಆರ್ಭಟದಲ್ಲಿ ಪಾಕದ ಸದ್ದು ಕೇಳಿಸದೆ ಮೊದಲು ಫಜೀತಿಯಾಯಿತು. ಆಮೇಲೆ ಬತ್ತಿ ಸ್ಟೌವು ತಂದು, ಎಲ್ಲರೂ ಕಣ್ಣು ಮುಚ್ಚಿ, ಬಂತು ಅನಿಸಿದಾಗ ಕೈ ಎತ್ತಬೇಕೆಂದು ಗೊತ್ತುಮಾಡಿದೆವು. ಅಪ್ಪನ ಜೊತೆಗೆ ಸರಿಯಾಗಿ ಕೈ ಎತ್ತಿದವಳು ಸಂಗೀತ ಕಲಿಯುತ್ತಿದ್ದ ಸಹಪಾಠಿ ಒಬ್ಬಳೇ. ನಾನೂ ತುಸು ಅವಸರ ಮಾಡಿದ್ದೆ. ಸಭೆ ಮುಗಿಯುವ ಮೊದಲೇ ಬಿಸಿ ಬೆಲ್ಲ ಹಾಳೆಯ ಚೂರುಗಳಲ್ಲಿ ಹಂಚಿಹೋಯಿತು.

ಅಲ್ಲಿಂದ ಮುಂದೆ ಶನಿವಾರದ ಆ ಒಂದು ಗಂಟೆಯನ್ನು ಮೇಷ್ಟ್ರು ನಮಗೇ ಬಿಟ್ಟರು. ಕೊಡಿಯಾಲದ ನೇಯ್ಗೆ ಮನೆತನದ ಗೆಳೆಯ, ಹರಿದ ರೇಷ್ಮೆ ಎಳೆಯನ್ನು ಗಂಟು ಕಾಣದಂತೆ ಬೆಸೆಯುವುದನ್ನು ತೋರಿಸಿದ. ನಮ್ಮ ದಪ್ಪ ಬೆರಳುಗಳಲ್ಲಿ ಎಳೆಗಳು ಮತ್ತಷ್ಟು ಹರಿದವು. ಊರಿನ ಹಾಲಿನ ಡೇರಿಯ ಲೆಕ್ಕದ ಪುಸ್ತಕ ಬರೆಯುತ್ತಿದ್ದ ಪಾಂಡವಪುರದ ಕಡೆಯ ಗೆಳತಿ, ಉದ್ದನೆಯ ಸಾಲನ್ನು ಬಾಯಲ್ಲೇ ಕೂಡುವ ತನ್ನ ಉಪಾಯವನ್ನು ಹೇಳಿಕೊಡಲು ‘ಅದೇನ್ ಮಹಾ’ ಎಂದು ಎರಡು ತಿಂಗಳು ಹಿಂಜರಿದು ಆಮೇಲೆ ಒಪ್ಪಿದಳು. ಎಲ್ಲ ಶನಿವಾರಗಳೂ ಚೆನ್ನಾಗಿದ್ದವೆಂದು ಹೇಳಲಾರೆ. ಇಸ್ಪೀಟಿನ ಕೈಚಳಕ ತೋರಿಸುತ್ತೇನೆಂದು ಬಂದ ಒಬ್ಬನ ತೋಳಿನಿಂದ ಎಲೆಗಳು ಉದುರಿದ್ದನ್ನು ಎಲ್ಲರೂ ನೋಡಿ ನೋಡದಂತೆ ಕುಳಿತಿದ್ದೆವು.

ಇಷ್ಟೆಲ್ಲ ಕಂಡು ಬೆಳೆದ ನಾನೇ ಮುಂದೆ ಹೈಸ್ಕೂಲಿನಲ್ಲಿ ಮೇಷ್ಟ್ರಾದಾಗ ಎಡವಿದ್ದನ್ನೂ ಇಲ್ಲಿ ಬರೆಯಲೇಬೇಕು. ಒಬ್ಬ ಹುಡುಗ ಪಾಠದ ನಡುವೆ ಸದಾ ಬೆಂಚನ್ನು ಬೆರಳಿನಿಂದ ಬಡಿಯುತ್ತಿದ್ದ. ಮೂರು ವರ್ಷ ಆ ಚಾಳಿಯನ್ನು ಬಿಡಿಸಲು ಹೆಣಗಿದೆ. ಒಮ್ಮೆ ಕೈ ಮೇಲೆ ಹೊಡೆದದ್ದೂ ಉಂಟು. ಆಮೇಲೆ ಒಂದು ಊರ ಹಬ್ಬದಲ್ಲಿ, ಪೂಜಾ ಕುಣಿತದ ಮುಂದೆ ತಮಟೆ ಬಾರಿಸುತ್ತಿದ್ದವರ ಸಾಲಿನಲ್ಲಿ ಅವನನ್ನು ಕಂಡೆ. ನಡುವಯಸ್ಸಿನ ಗಂಡಸರು ಅವನ ಕೈಯನ್ನು ನೋಡಿ ತಾಳ ಬದಲಿಸುತ್ತಿದ್ದರು. ಮರುದಿನ ಕರೆದು, ಪ್ರತಿಭಾ ಕಾರಂಜಿಗೆ ನಿನ್ನ ಹೆಸರು ಕೊಡಲೇ ಎಂದು ಉತ್ಸಾಹದಿಂದ ಕೇಳಿದೆ. ಅವನು ತಲೆ ತಗ್ಗಿಸಿ ‘ಬ್ಯಾಡಿ ಸಾರ್’ ಎಂದ. ತಮಟೆ ಯಾರ ಮನೆಯ ವಾದ್ಯವೆಂದು ತರಗತಿಯಲ್ಲಿ ಎಲ್ಲರಿಗೂ ಗೊತ್ತು; ಅದನ್ನು ವೇದಿಕೆಯ ಮೇಲೆ ಹಿಡಿದು ನಿಂತರೆ ಅವನ ಕೈಗಿಂತ ಮೊದಲು ಅವನ ಕೇರಿ ಕಾಣುತ್ತದೆ ಎಂಬುದು ಅವನಿಗೆ ನನಗಿಂತ ಚೆನ್ನಾಗಿ ತಿಳಿದಿತ್ತು. ನನ್ನ ಅಂಗಿಯ ಹೊಗೆಯ ವಾಸನೆ ಒಗೆದರೆ ಹೋಗುವಂಥದ್ದಾಗಿತ್ತು. ಅವನದನ್ನು ಅದರ ಜೊತೆ ಹೋಲಿಸುವ ಧೈರ್ಯ ನನಗಿಲ್ಲ. ನಾನು ಒತ್ತಾಯ ಮಾಡಲಿಲ್ಲ. ನನ್ನ ಪಾಠದಲ್ಲಿ ಬೆಂಚು ಬಡಿಯಬಹುದು, ಪ್ರಯೋಗದ ದಿನ ಮಾತ್ರ ಬೇಡ ಎಂದಷ್ಟೇ ಹೇಳಿದೆ. ಹತ್ತನೆಯ ತರಗತಿ ಮುಗಿಯುವ ಮೊದಲು ಪಕ್ಕದಲ್ಲಿ ಕೂರುವ ಇಬ್ಬರು ಹುಡುಗರಿಗೂ ಬೆಂಚಿನ ಮೇಲೆ ಒಂದೆರಡು ವರಸೆಗಳು ಬರುತ್ತಿದ್ದವು. ಅವರಿಗೆ ಕಲಿಸಿದವನು ಅವನೇ, ನಾನು ಕೇಳಿಕೊಂಡಿರಲಿಲ್ಲ.

ಮಾಹಿತಿ ಪತ್ರದ ಕೊನೆಯ ಅಂಕಣದಲ್ಲಿ ಈಗ ‘ಬೆಲ್ಲದ ಪಾಕ ನೋಡಲು ಬರುತ್ತದೆ’ ಎಂದು ಬರೆದು ಕಳಿಸಿದ್ದೇನೆ. ಇದನ್ನು ಓದುವ ವಿದ್ಯಾರ್ಥಿಗಳಲ್ಲಿ ಯಾರಿಗಾದರೂ ನೋಡುವ ಮನಸ್ಸಿದ್ದರೆ, ದೊಡ್ಡಪ್ಪನ ಮಗ ಆಲೆಮನೆಯನ್ನು ಇನ್ನೂ ನಡೆಸುತ್ತಿದ್ದಾನೆ. ಭಾನುವಾರಗಳಲ್ಲಿ ನಾನು ಅಲ್ಲೇ ಇರುತ್ತೇನೆ. ಬೆಳಿಗ್ಗೆ ಎಂಟರೊಳಗೆ ಬಂದರೆ ಮೊದಲ ಕೊಪ್ಪರಿಗೆ ಸಿಗುತ್ತದೆ. ಅಪ್ಪನಿಗೆ ಎಂಬತ್ತು ದಾಟಿದೆ, ಎರಡೂ ಕಣ್ಣು ಮಂಜಾಗಿವೆ, ಒಲೆಯ ಹತ್ತಿರ ಅವರನ್ನು ಬಿಡುವುದಿಲ್ಲ. ಹೊರಗೆ ಹುಣಸೆ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ನಾನು ಒಳಗೆ ಬಾಯಿ ತೆರೆಯುವ ಮೊದಲೇ ಅವರು ಅಲ್ಲಿಂದ ‘ಇಳಿಸ್ರೋ’ ಎಂದು ಕೂಗುತ್ತಾರೆ.