ಒಬ್ಬರ ಊಟದ ರಸೀದಿ

ಮಳೆಗಾಲ ಹಿಡಿದ ಮೇಲೆ ನಾನು ಒಂದು ಪುಟವೂ ಬರೆದಿಲ್ಲ. ಬರೀ ಓದಿದ್ದೇನೆ. ನನ್ನ ನಾಲ್ಕನೇ ಕಾದಂಬರಿ ಏಳನೇ ಅಧ್ಯಾಯಕ್ಕೆ ಬಂದು ನಿಂತಿದೆ. ಸಾಗರದ ಒಂದು ಅಡಿಕೆ ಮಂಡಿಯ ಗುಮಾಸ್ತ ಸತ್ತಿದ್ದಾನೆ. ಕೊಂದವರು ಯಾರು ಅಂತ ನನಗೆ ಗೊತ್ತು. ನನ್ನ ಸಬ್ ಇನ್‌ಸ್ಪೆಕ್ಟರಿಗೆ ಅದು ಹೇಗೆ ಗೊತ್ತಾಗಬೇಕು ಅನ್ನೋದೇ ಹೊಳೆಯುತ್ತಿಲ್ಲ.

ಬರೆಯುವಾಗ ಬೇರೆಯವರ ಪತ್ತೇದಾರಿ ಓದಬಾರದು, ನೆರಳು ಬೀಳುತ್ತೆ ಅಂತ ಕೆಲವರು ಹೇಳುತ್ತಾರೆ. ನನಗೆ ಹಾಗಲ್ಲ. ಬರವಣಿಗೆ ಕಟ್ಟಿಕೊಂಡಾಗಲೇ ನಾನು ಜಾಸ್ತಿ ಓದುವುದು.

ಈ ಸಲ ಮನಸ್ಸಿಗೆ ಹತ್ತಿದ ಮೊದಲನೇ ಪುಸ್ತಕ ಜಪಾನಿನದು. ಸೇಚೋ ಮಾತ್ಸುಮೋಟೋ ಬರೆದದ್ದು, 1958ರ ಕಾದಂಬರಿ. ಅದರ ಮೂಲ ಹೆಸರಿನ ಅರ್ಥ 'ಬಿಂದುಗಳು ಮತ್ತು ರೇಖೆಗಳು'. ಈಚೆಗೆ 'ಟೋಕಿಯೋ ಎಕ್ಸ್‌ಪ್ರೆಸ್' ಅನ್ನೋ ಹೆಸರಿನಲ್ಲಿ ಹೊಸ ಇಂಗ್ಲಿಷ್ ಅನುವಾದ ಬಂದಿದೆ. ಮೊದಲು ಇದು ಧಾರಾವಾಹಿಯಾಗಿ ಬಂದದ್ದು ಒಂದು ಪ್ರವಾಸದ ಪತ್ರಿಕೆಯಲ್ಲಿ. ಓದಿದರೆ ಯಾಕೆ ಅಂತ ಗೊತ್ತಾಗುತ್ತೆ. ಪುಸ್ತಕದ ತುಂಬ ರೈಲು, ರೈಲಿನ ವೇಳಾಪಟ್ಟಿ.

ಕ್ಯೂಶೂ ದ್ವೀಪದಲ್ಲಿ ಕಾಶೀ ಅಂತ ಒಂದು ಕಡಲತೀರ. ಬೆಳಿಗ್ಗೆ ಅಲ್ಲಿ ಬಂಡೆಗಳ ಮೇಲೆ ಒಂದು ಗಂಡು, ಒಂದು ಹೆಣ್ಣು ಪಕ್ಕಪಕ್ಕದಲ್ಲಿ ಸತ್ತು ಮಲಗಿದ್ದಾರೆ. ವಿಷ ಕುಡಿದಿದ್ದಾರೆ. ಪ್ರೇಮಿಗಳು, ಜೊತೆಯಲ್ಲಿ ಸತ್ತಿದ್ದಾರೆ ಅಂತ ಪೊಲೀಸರು ಕಡತ ಮುಚ್ಚಲು ತಯಾರು. ತೋರಿಗಾಯಿ ಅನ್ನುವ ಒಬ್ಬ ವಯಸ್ಸಾದ ಪೊಲೀಸಿನವನಿಗೆ ಮಾತ್ರ ಸಮಾಧಾನವಿಲ್ಲ. ಸತ್ತವನ ಜೇಬಿನಲ್ಲಿ ರೈಲಿನ ಊಟದ ಬೋಗಿಯ ರಸೀದಿಯೊಂದು ಸಿಕ್ಕಿದೆ. ಅದರಲ್ಲಿ ಬರೆದಿರುವುದು: ಒಬ್ಬರು.

ಇಬ್ಬರೂ ಒಂದೇ ರೈಲಿನಲ್ಲಿ ಅಷ್ಟು ದೂರ ಬಂದವರು. ಸಾಯಲಿಕ್ಕೆ ಅಂತಲೇ ಬಂದವರು. ಹಾಗಾದರೆ ಅವನೊಬ್ಬನೇ ಯಾಕೆ ಊಟ ಮಾಡಿದ? ಆಕೆಗೆ ಹಸಿವಿರಲಿಲ್ಲ ಅಂತ ಮೇಲಧಿಕಾರಿ ಹೇಳುತ್ತಾನೆ. ಇರಬಹುದು. ಆದರೆ ತೋರಿಗಾಯಿ ಮನೆಗೆ ಹೋಗಿ ತನ್ನ ಮಗಳನ್ನು ಕೇಳುತ್ತಾನೆ. ನೀನಾಗಿದ್ದರೆ ಏನು ಮಾಡುತ್ತಿದ್ದೆ? ಹೊಟ್ಟೆ ತುಂಬಿದ್ದರೂ ಜೊತೆಗೆ ಹೋಗುತ್ತಿದ್ದೆ, ಒಂದು ಕಾಫಿಯನ್ನಾದರೂ ಕುಡಿಯುತ್ತಿದ್ದೆ ಅಂತ ಮಗಳು ಹೇಳುತ್ತಾಳೆ.

ಈ ಜಾಗದಲ್ಲಿ ನಾನು ಪುಸ್ತಕ ಮಡಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಮುಂದೆ ಟೋಕಿಯೋ ಸ್ಟೇಷನ್ನಿನ ಪ್ರಸಿದ್ಧ ನಾಲ್ಕು ನಿಮಿಷ ಬರುತ್ತೆ. 13ನೇ ಪ್ಲಾಟ್‌ಫಾರ್ಮಿನಿಂದ 15ನೇ ಪ್ಲಾಟ್‌ಫಾರ್ಮ್ ಕಾಣುವುದು ಸಂಜೆ ಆ ನಾಲ್ಕು ನಿಮಿಷ ಮಾತ್ರ. ಮಿಕ್ಕ ಹೊತ್ತಿನಲ್ಲಿ ನಡುವೆ ಬೇರೆ ರೈಲುಗಳು ಅಡ್ಡ ನಿಂತಿರುತ್ತವೆ. ಅದು ಅದ್ಭುತವಾದ ಲೆಕ್ಕ, ಎಲ್ಲರೂ ಹೊಗಳುವುದು ಅದನ್ನೇ. ನನ್ನನ್ನು ಹಿಡಿದದ್ದು ಆ ಕಾಫಿ. ಪ್ರಯೋಗಾಲಯದಲ್ಲಿ ಸಿಗದ ಸುಳಿವು ಒಬ್ಬ ಅಪ್ಪನಿಗೆ ಮನೆಯಲ್ಲಿ ಸಿಕ್ಕಿತು.

ಆ ರಾತ್ರಿ ಊಟಕ್ಕೆ ಕೂತಾಗ ನಮ್ಮ ಮನೆಯವರನ್ನು ಕೇಳಿದೆ. "ರೀ, ನಿಮಗೆ ಹಸಿವಿಲ್ಲ. ರೈಲಿನಲ್ಲಿ ನಾನೊಬ್ಬಳೇ ಊಟಕ್ಕೆ ಎದ್ದೆ ಅಂದ್ಕೊಳ್ಳಿ. ಬರ್ತೀರಾ?"

"ಬರದೇ ಏನು? ಒಂದು ಲೋಟ ಮಜ್ಜಿಗೆ ಕುಡೀತಾ ಕೂತಿರ್ತೀನಿ" ಅಂದರು. ಯಾಕೆ ಕೇಳಿದೆ ಅಂತ ಕೇಳಲಿಲ್ಲ. ಇಂಥ ಪ್ರಶ್ನೆ ಅವರಿಗೆ ಅಭ್ಯಾಸವಾಗಿದೆ.

ನಾನು 29 ವರ್ಷ ಬ್ಯಾಂಕಿನಲ್ಲಿದ್ದೆ. ಜಾಸ್ತಿ ಕಾಲ ಕ್ಯಾಶ್ ಕೌಂಟರಿನಲ್ಲಿ. ಚೀಟಿ, ಚಲನ್, ವೋಚರು ಇವೇ ನನ್ನ ಜಗತ್ತು. ಅದಕ್ಕೇ ಇರಬೇಕು, ಆ ರಸೀದಿ ನನ್ನ ಕೈಯಲ್ಲೇ ಇದ್ದ ಹಾಗೆ ಅನಿಸಿತು. ಒಬ್ಬರು ಅಜ್ಜಿ ಪ್ರತಿ ತಿಂಗಳು ಪಿಂಚಣಿ ತೆಗೆಯಲು ಬರುತ್ತಿದ್ದರು. ಯಾವಾಗಲೂ ಹತ್ತರ ಹೊಸ ನೋಟು ನಾಲ್ಕು ಕೇಳುತ್ತಿದ್ದರು, ಮೊಮ್ಮಕ್ಕಳಿಗೆ ಕೊಡಲು. ಒಂದು ತಿಂಗಳು ಬಂದರು, ಎಲ್ಲವನ್ನೂ ಐನೂರರಲ್ಲೇ ಕೊಡು ಅಂದರು. ನಾನು ನೋಟು ಎಣಿಸುತ್ತಾ, "ಮಕ್ಕಳು ಊರಲ್ಲಿಲ್ವಾ ಅಜ್ಜಿ?" ಅಂದೆ. "ಬೆಂಗಳೂರಿಗೆ ಹೋದ್ವು ತಂಗಿ. ನಿಂಗೆ ಯಾರು ಹೇಳಿದ್ರು?" ಅಂತ ಕಣ್ಣು ಒರೆಸಿಕೊಂಡರು. ಯಾರೂ ಹೇಳಿರಲಿಲ್ಲ. ನಾನು ಪತ್ತೇದಾರಿ ಬರೆಯಲು ಶುರು ಮಾಡಿದ್ದು ಅದಾಗಿ ಎಷ್ಟೋ ವರ್ಷಕ್ಕೆ. ಆದರೆ ಬೀಜ ಬಿದ್ದದ್ದು ಆ ಕೌಂಟರಿನಲ್ಲೇ ಅಂತ ಈಗ ಅನಿಸುತ್ತೆ.

ಎರಡನೇ ಪುಸ್ತಕ ಸ್ವಿಟ್ಜರ್ಲೆಂಡಿನ ಫ್ರೀಡ್ರಿಷ್ ಡ್ಯೂರೆನ್‌ಮಾಟ್ ಬರೆದ 'ದ ಪ್ಲೆಡ್ಜ್'. ಇದೂ 1958ರದ್ದೇ. ಇದಕ್ಕೊಂದು ಉಪಶೀರ್ಷಿಕೆ ಇದೆ: ಪತ್ತೇದಾರಿ ಕಾದಂಬರಿಗೆ ಒಂದು ಚರಮಗೀತೆ. ಡ್ಯೂರೆನ್‌ಮಾಟ್ ಮೊದಲು ಇದೇ ಕಥೆಯನ್ನು ಸಿನಿಮಾಕ್ಕೆ ಬರೆದಿದ್ದ. ಅಲ್ಲಿ ಕೊಲೆಗಾರ ಸಿಗುತ್ತಾನೆ. ಅವನಿಗೆ ಅದು ಒಪ್ಪಿಗೆಯಾಗಲಿಲ್ಲ. ಕಾದಂಬರಿ ಬರೆದು ಕೊನೆಯನ್ನೇ ಬೇರೆ ಮಾಡಿದ.

ಕಥೆ ಶುರುವಾಗುವುದೇ ಪತ್ತೇದಾರಿ ಬರೆಯುವ ಒಬ್ಬ ಲೇಖಕನಿಂದ. ಕೂರ್ ಪಟ್ಟಣದಲ್ಲಿ ಅವನು ಭಾಷಣ ಮಾಡುತ್ತಾನೆ. ಮರುದಿನ ಒಬ್ಬ ನಿವೃತ್ತ ಪೊಲೀಸ್ ಅಧಿಕಾರಿ ಅವನನ್ನು ಕಾರಿನಲ್ಲಿ ಕೂರಿಸಿಕೊಂಡು ಜ್ಯೂರಿಕ್ ಕಡೆಗೆ ಹೊರಡುತ್ತಾನೆ. ದಾರಿಯಲ್ಲಿ ಒಂದು ಹಳೇ ಪೆಟ್ರೋಲ್ ಬಂಕ್. ಅಲ್ಲಿ ಗಡ್ಡ ಬೋಳಿಸದ, ಕುಡಿತದ ವಾಸನೆಯ ಒಬ್ಬ ಮುದುಕ ಕೂತಿದ್ದಾನೆ. "ಕಾಯ್ತೀನಿ, ಅವನು ಬರ್ತಾನೆ" ಅನ್ನುತ್ತಾನೆ. ಒಂದು ಕಾಲಕ್ಕೆ ಅವನು ತುಂಬಾ ಜಾಣ ಪೊಲೀಸ್ ಆಗಿದ್ದವನು. ಕೊಲೆಯಾದ ಒಂದು ಪುಟ್ಟ ಹುಡುಗಿಯ ತಾಯಿಗೆ ಮಾತು ಕೊಟ್ಟವನು.

ಆ ಹುಡುಗಿ ಶಾಲೆಯಲ್ಲಿ ಬರೆದ ಒಂದು ಚಿತ್ರ ಸಿಗುತ್ತೆ. ದೊಡ್ಡ ರಾಕ್ಷಸನಂಥ ಮನುಷ್ಯ, ಅವನು ಒಂದು ಚಿಕ್ಕ ಹುಡುಗಿಗೆ ಏನೋ ಕೊಡುತ್ತಿದ್ದಾನೆ. ಪುಟ್ಟ ಪುಟ್ಟ ಮುಳ್ಳುಹಂದಿ ಮರಿಗಳ ಹಾಗಿವೆ ಅವು. ಮುಳ್ಳುಹಂದಿ ಯಾಕೆ? ನಾನು ಇಲ್ಲಿ ಹೇಳುವುದಿಲ್ಲ, ಓದುವವರ ಸುಖ ಕಿತ್ತುಕೊಳ್ಳಬಾರದು. ಇಷ್ಟು ಹೇಳಬಹುದು: ಮಕ್ಕಳಿರುವ ಯಾವ ಮನೆಯಲ್ಲಾದರೂ ಕೈಗೆ ಸಿಗುವ ವಸ್ತು ಅದು. ಗೊತ್ತಾದಾಗ ಹೊಟ್ಟೆಯಲ್ಲಿ ತಣ್ಣಗೆ ಏನೋ ಇಳಿದ ಹಾಗಾಯಿತು. ಮಗು ನಿಜವನ್ನೇ ಬರೆದಿತ್ತು. ದೊಡ್ಡವರಿಗೆ ಓದಲು ಬರಲಿಲ್ಲ.

ಚರಮಗೀತೆ ಅನ್ನೋ ಮಾತಿಗೆ ಮಾತ್ರ ನನ್ನ ಒಪ್ಪಿಗೆ ಇಲ್ಲ. ಜೀವನದಲ್ಲಿ ಎಲ್ಲಕ್ಕೂ ಉತ್ತರ ಸಿಗಲ್ಲ, ನಿಜ. ಅದಕ್ಕೇ ಜನ ನಮ್ಮ ಪುಸ್ತಕ ಕೈಗೆತ್ತಿಕೊಳ್ಳುವುದು ಅಲ್ವಾ? ಒಂದು ಕಡೆಯಾದರೂ ಲೆಕ್ಕ ಚುಕ್ತಾ ಆಗಲಿ ಅಂತ. ಅದು ಸುಳ್ಳಿನ ಆಸೆ ಅಂತ ನನಗೆ ಅನಿಸುವುದಿಲ್ಲ.

ಮೂರನೆಯದು ನಮ್ಮದೇ. ವಿವೇಕ ಶಾನಭಾಗರ 'ಸಕೀನಾಳ ಮುತ್ತು'. ಇದನ್ನು ಪತ್ತೇದಾರಿ ಅಂತ ಯಾರೂ ಕರೆಯುವುದಿಲ್ಲ. ನಾನು ಅದನ್ನು ಹಾಗೇ ಓದಿದೆ. ಇಬ್ಬರು ಹುಡುಗರು ಬಾಗಿಲು ತಟ್ಟಿ ಮಗಳು ರೇಖಾಳನ್ನು ಕೇಳುತ್ತಾರೆ. ಅಷ್ಟೇ. ಅಲ್ಲಿಂದ ಅಪ್ಪನಿಗೆ ಒಂದೊಂದೇ ಗೊತ್ತಾಗುತ್ತಾ ಹೋಗುವುದು ತನ್ನ ಮನೆಯ ಬಗ್ಗೆ ತನಗೆ ಏನೂ ಗೊತ್ತಿಲ್ಲ ಅನ್ನೋದು. ಜಪಾನಿನ ತೋರಿಗಾಯಿ ಮಗಳನ್ನು ಕೇಳಿದ. ಇಲ್ಲಿನ ಅಪ್ಪ ವೆಂಕಟರಮಣ ಕೇಳುವುದಿಲ್ಲ, ತಾನೇ ಊಹಿಸುತ್ತಾನೆ. ಎರಡನ್ನೂ ಒಂದೇ ವಾರದಲ್ಲಿ ಓದಿದ್ದರಿಂದ ಈ ವ್ಯತ್ಯಾಸ ನನಗೆ ಢಾಳಾಗಿ ಕಂಡಿತು.

ಹರಿಣಿ ನಾಗೇಂದ್ರ ಅವರ 'ದ ಬ್ಯಾಂಗಲೋರ್ ಡಿಟೆಕ್ಟಿವ್ಸ್ ಕ್ಲಬ್' ಖುಷಿಯ ಓದು. 1921ರ ಬೆಂಗಳೂರು, ಸೆಂಚುರಿ ಕ್ಲಬ್ಬಿನ ಪಾರ್ಟಿ, ಸೀರೆ ಉಟ್ಟು ಕೊಲೆ ಪತ್ತೆ ಮಾಡುವ ಕಾವೇರಿ. ಲೇಖಕಿ ಪರಿಸರ ವಿಜ್ಞಾನಿ, ಅದಕ್ಕೇ ಮರಗಿಡ ಎಲ್ಲ ಜೀವಂತ. ಕೊನೆಯಲ್ಲಿ ಅಡುಗೆ ಮಾಡುವ ಕ್ರಮವನ್ನೂ ಕೊಟ್ಟಿದ್ದಾರೆ. ಮಧ್ಯೆ ಸ್ವಲ್ಪ ನಿಧಾನ ಅನಿಸಿತು, ಆದರೆ ಕಾವೇರಿ ಮೇಲೆ ಪ್ರೀತಿ ಹುಟ್ಟಿತು.

ಇನ್ನು ಮೇಜಿನ ಮೇಲೆ ಕಾಯುತ್ತಿರುವ ಪುಸ್ತಕಗಳು.

ಮೇಲ್ಗಡೆ ಇರುವುದು ಎನ್. ನರಸಿಂಹಯ್ಯನವರ ಒಂದು ಹಳೇ ಕಾದಂಬರಿ. ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಯಲ್ಲಿ ಸಿಕ್ಕಿತು. ರಕ್ಷಾಪುಟ ಹರಿದುಹೋಗಿದೆ, ಒಳಗೆ ಯಾವುದೋ ಬಾಡಿಗೆ ಲೈಬ್ರರಿಯ ನೀಲಿ ಸೀಲು, ಪಕ್ಕದಲ್ಲಿ ಪೆನ್ಸಿಲಿನಲ್ಲಿ ತಾರೀಕುಗಳ ಸಾಲು. ಎಷ್ಟು ಜನ ಓದಿದ್ದಾರೆ ಅಂತ ಎಣಿಸಿದೆ, ನಲವತ್ತೊಂದು. ನನ್ನ ಅಮ್ಮ ಅವರ ಪತ್ತೇದಾರ ಪುರುಷೋತ್ತಮನ ಪುಸ್ತಕಗಳನ್ನು ಅಕ್ಕಿ ಡಬ್ಬದ ಹಿಂದೆ ಇಟ್ಟುಕೊಂಡು ಓದುತ್ತಿದ್ದಳು. ಅನ್ನ ಬೇಯುವ ಹೊತ್ತಿಗೆ ಎರಡು ಅಧ್ಯಾಯ. ನೂರಾರು ಕಾದಂಬರಿ ಬರೆದು ಕನ್ನಡದ ಮನೆಮನೆಗೆ ಓದಿನ ರುಚಿ ಹತ್ತಿಸಿದ ಆ ಮನುಷ್ಯನನ್ನು ನಮ್ಮ ಸಾಹಿತ್ಯದ ಮಾತುಕತೆಯಲ್ಲಿ ಸರಿಯಾಗಿ ನೆನೆಯುವುದಿಲ್ಲ. ಅದು ನನಗೆ ನಿಜಕ್ಕೂ ನೋವಿನ ವಿಷಯ.

ಅದರ ಕೆಳಗೆ ಕೆ.ಎನ್. ಗಣೇಶಯ್ಯನವರ 'ಕನಕ ಮುಸುಕು', ಎರಡನೇ ಸಲಕ್ಕೆ. ಹೊಯ್ಸಳ ಶಿಲ್ಪಗಳ ಕೈಯಲ್ಲಿರುವುದು ಮುಸುಕಿನ ಜೋಳವೇ ಅನ್ನೋ ಪ್ರಶ್ನೆಯಿಂದ ಹೊರಡುವ ಕಾದಂಬರಿ. ಮುಸುಕಿನ ಜೋಳ ಅಮೆರಿಕದ ಕಡೆಯ ಬೆಳೆ, ಕೊಲಂಬಸ್‌ಗಿಂತ ಮೊದಲೇ ಇಲ್ಲಿಗೆ ಹೇಗೆ ಬಂತು? ಅಷ್ಟು ಮಾಹಿತಿಯನ್ನು ಕಥೆಯ ಓಟ ನಿಲ್ಲದ ಹಾಗೆ ಹೇಗೆ ಸೇರಿಸಿದ್ದಾರೆ ಅಂತ ನೋಡಬೇಕು. ರಾಶಿ, ಬೆಟ್ಟೆ, ಚಾಲಿ, ಗೊರಬಲು ಅಂತ ಅಡಿಕೆಯ ಬಗೆಗಳನ್ನು ನಾನು ಬರೆದರೆ ಸಾಗರದವರಿಗೆ ತಿಳಿಯುತ್ತೆ. ಕಲಬುರಗಿಯ ಓದುಗರಿಗೆ?

ಆಮೇಲೆ ಅನುಷ್ ಶೆಟ್ಟಿಯವರ 'ಹುಲಿ ಪತ್ರಿಕೆ'. ಹೊಸಬರು ಹೇಗೆ ಬರೆಯುತ್ತಿದ್ದಾರೆ ಅಂತ ತಿಳಿಯುವ ಆಸೆ. ಜಪಾನಿನ ಕೀಗೋ ಹಿಗಾಶಿನೋನ 'ಮ್ಯಾಲಿಸ್' ಕೂಡ ತರಿಸಿದ್ದೇನೆ. ಅಲ್ಲಿ ಕೊಲೆಯಾಗುವವನೇ ಕಾದಂಬರಿಕಾರ. ಕೊಂದವನು ಬೇಗ ಸಿಗುತ್ತಾನಂತೆ, ಯಾಕೆ ಕೊಂದ ಅನ್ನೋದೇ ಕಥೆಯಂತೆ. ಬಂಗಾಳಿಯ ಶರದಿಂದು ಬಂದ್ಯೋಪಾಧ್ಯಾಯರ ಬ್ಯೋಮಕೇಶ್ ಕಥೆಗಳನ್ನು ಮೊದಲಿಂದ ಸಾಲಾಗಿ ಓದುವ ಯೋಚನೆಯೂ ಇದೆ. ಬ್ಯೋಮಕೇಶ ತನ್ನನ್ನು ಪತ್ತೇದಾರ ಅಂದುಕೊಳ್ಳುವುದಿಲ್ಲ, ಸತ್ಯಾನ್ವೇಷಿ ಅನ್ನುತ್ತಾನೆ. ಒಂದು ಕೇಸಿನಲ್ಲಿ ಪರಿಚಯವಾದ ಸತ್ಯವತಿಯನ್ನೇ ಮದುವೆಯಾಗಿ ಸಂಸಾರ ಮಾಡುತ್ತಾನೆ. ಮನೆ ಇರುವ ಪತ್ತೇದಾರ ನನಗೆ ಬೇಕು.

ದೀಪಾವಳಿ ಒಳಗೆ ಇಷ್ಟು ಮುಗಿಯುತ್ತೋ ಇಲ್ಲವೋ. ನಡುವೆ ಬರವಣಿಗೆಯೂ ಸಾಗಬೇಕು.

ನಿನ್ನೆ ರಾತ್ರಿ ಕರೆಂಟು ಹೋಗಿ ಬಂದ ಮೇಲೆ ಏಳನೇ ಅಧ್ಯಾಯ ತೆರೆದೆ. ಒಂದೇ ಸಾಲು ತಿದ್ದಿದೆ. ನನ್ನ ಸಬ್ ಇನ್‌ಸ್ಪೆಕ್ಟರ್ ಗುಮಾಸ್ತನ ಹೆಂಡತಿಯ ಎದುರು ಕೂತು, ಅವತ್ತು ನಿಮ್ಮ ಗಂಡ ಎಷ್ಟು ಗಂಟೆಗೆ ಮನೆ ಬಿಟ್ಟರು ಅಂತ ಕೇಳುತ್ತಿದ್ದ. ಅದನ್ನು ಹೊಡೆದು ಹಾಕಿದೆ. ಈಗ ಅವನು ಅಡುಗೆಮನೆ ಕಡೆ ಒಂದು ಸಲ ನೋಡಿ, "ಅವತ್ತು ಊಟಕ್ಕೆ ಏನು ಮಾಡಿದ್ರಿ ಅಮ್ಮಾ?" ಅಂತ ಕೇಳುತ್ತಾನೆ.