ಎರೆಮಣ್ಣು, ಉಸುಕು ಮತ್ತು ಒಂಬತ್ತು ತತ್ತಿ: ನಮ್ಮ ಆಮೆಯ ದಿನಚರಿ

ಫೆಬ್ರವರಿ 26
ಗಂಗವ್ವ ಮೂರು ದಿನದಿಂದ ಏನೂ ತಿಂದಿಲ್ಲ. ತೊಟ್ಟಿಯ ಗೋಡೆ ಕೆರೆಯುತ್ತಾ ಹೊರಗೆ ಬರಲು ನೋಡುತ್ತಿದ್ದಾಳೆ. ಗಂಗವ್ವ ಅಂದರೆ ನಮ್ಮ ಹೆಣ್ಣು ಆಮೆ, ರೆಡ್ ಇಯರ್ಡ್ ಸ್ಲೈಡರ್. ಕಣ್ಣಿನ ಹಿಂದೆ ಕೆಂಪು ಪಟ್ಟಿ ಇರುತ್ತಲ್ಲ, ಆ ಜಾತಿ. ಮೂಲ ಅಮೆರಿಕದ ಮಿಸ್ಸಿಸಿಪ್ಪಿ ನದಿ ಕಡೆಯದು. ನಮ್ಮ ಕೆರೆಗಳ ಆಮೆ, ನಕ್ಷತ್ರ ಆಮೆ ಇವನ್ನು ಮನೆಯಲ್ಲಿ ಸಾಕುವ ಹಾಗಿಲ್ಲ, 1972ರ ವನ್ಯಜೀವಿ ಕಾಯ್ದೆ ಬಿಡುವುದಿಲ್ಲ.

ಗಂಡು ಬಸ್ಯಾ ಗಾತ್ರದಲ್ಲಿ ಅವಳ ಅರ್ಧ. ಚಳಿಗಾಲ ಪೂರ್ತಿ ಅವಳ ಮುಖದ ಮುಂದೆ ಉದ್ದುಗುರು ಅಲುಗಾಡಿಸುತ್ತಾ ಹಿಂದಕ್ಕೆ ಈಜಿದ್ದೇ ಈಜಿದ್ದು. ಅದರ ಫಲ ಇದು, ಹೊಟ್ಟೆಯಲ್ಲಿ ತತ್ತಿ.

ಮಾರ್ಚ್ 3
ಹೋದ ವರ್ಷದ ತಪ್ಪು ಮತ್ತೆ ಆಗಬಾರದು. ಆಗ ಹಿತ್ತಲಿಗೆ ಬಿಟ್ಟಿದ್ದೆ. ಹುಬ್ಬಳ್ಳಿಯ ಎರೆಮಣ್ಣು ಗೊತ್ತಲ್ಲ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಲ್ಲಾಗುತ್ತದೆ. ಹಿಂಗಾಲಿನಿಂದ ನಾಲ್ಕು ಕಡೆ ಕೆರೆದು, ಬೇಸತ್ತು, ಕೊನೆಗೆ ನೀರಲ್ಲೇ ತತ್ತಿ ಹಾಕಿದ್ದಳು. ನೀರಿಗೆ ಬಿದ್ದ ತತ್ತಿ ಉಸಿರುಗಟ್ಟಿ ಸಾಯುತ್ತದೆ. ಜಾಗ ಸಿಗದೆ ತತ್ತಿ ಹೊಟ್ಟೆಯಲ್ಲೇ ಉಳಿದರೆ ತಾಯಿಯ ಜೀವಕ್ಕೇ ಕುತ್ತು.

ಇವತ್ತು ಒಂದು ಅಡಿ ಆಳದ ಗುಂಡಿ ತೆಗೆದೆ. ಧಾರವಾಡದ ಗೆಳೆಯ ಕೊಟ್ಟ ಕೆಂಪು ಮಣ್ಣಿಗೆ ಅರ್ಧಕ್ಕರ್ಧ ಉಸುಕು ಕಲಸಿ ತುಂಬಿದೆ. ಮುಷ್ಟಿ ಕಟ್ಟಿದರೆ ಉಂಡೆ ಆಗಬೇಕು, ನೀರು ಜಿನುಗಬಾರದು.

ಮಾರ್ಚ್ 14
ಇಟ್ಟಳು! ಸಂಜೆ ಒಂದೂವರೆ ತಾಸು ಅಗೆದು ಒಂಬತ್ತು ತತ್ತಿ. ಅವ್ವ ಬಂದು ನೋಡಿ, "ಇಷ್ಟೆಲ್ಲಾ ಮರಿ ಮಾಡಿ ಎಲ್ಲಿ ಇಡಾಂವ ಅದೀ?" ಅಂದಳು.

ಅದೇ ನನ್ನ ತಲೆನೋವು. ಇವು ಇಪ್ಪತ್ತು ಮೂವತ್ತು ವರ್ಷ ಬದುಕುತ್ತವೆ. ಪಕ್ಕದ ಮನೆ ಅಜ್ಜಿ, "ಉಣಕಲ್ ಕೆರ್ಯಾಗ ಬಿಡ್ರಿ, ಪುಣ್ಯ ಬರ್ತದ" ಅಂದರು. ಅದು ಮಾತ್ರ ಆಗದ ಮಾತು. ಈ ಜಾತಿ ಕೆರೆಗೆ ಬಿದ್ದರೆ ಅಲ್ಲಿನ ಆಮೆಗಳ ಮೇವು, ಬಿಸಿಲಿಗೆ ಕೂರುವ ಜಾಗ ಎರಡನ್ನೂ ಕಸಿಯುತ್ತದೆ. ಜಗತ್ತಿನ ನೂರು ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದರ ಹೆಸರೂ ಇದೆ.

ಹಾಗಾಗಿ ಮೂರನ್ನೇ ಇಟ್ಟುಕೊಂಡೆ. ಉಳಿದ ಆರನ್ನು ಇವತ್ತೇ, ಬೆಳವಣಿಗೆ ಶುರುವಾಗುವ ಮುಂಚೆ, ಡಬ್ಬಿಗೆ ಹಾಕಿ ಫ್ರೀಜರಿನಲ್ಲಿಟ್ಟೆ. "ಅದು ಜೀವ ಅಲ್ಲೇನು?" ಅಂದಳು ಅವ್ವ. ಸರಿಯಾದ ಉತ್ತರ ಕೊಡಲು ಆಗಲಿಲ್ಲ. ಆಮೇಲೆ ಅವಳೇ ಹಸಿ ಬಟಾಣಿ ಪೊಟ್ಟಣ ತೆಗೆದು ಬೇರೆ ಕಡೆ ಇಟ್ಟಳು.

ಮೂರರ ನೆತ್ತಿಗೂ ಪೆನ್ಸಿಲ್ ಗುರುತು ಹಾಕಿದ್ದೇನೆ. ಒಂದು ದಿನ ಕಳೆದ ಮೇಲೆ ತತ್ತಿ ಮಗುಚಿದರೆ ಒಳಗಿನ ಜೀವ ಉಳಿಯುವುದು ಕಷ್ಟ.

ಮಾರ್ಚ್ 17
ಎರಡರ ಮೇಲೆ ಸುಣ್ಣದ ಬೊಟ್ಟಿನಂಥ ಬಿಳಿ ಮಚ್ಚೆ. ಅಂದರೆ ಕಟ್ಟಿವೆ, ಒಳಗೆ ಮರಿ ಬೆಳೆಯುತ್ತಿದೆ. ಮೂರನೆಯದು ಹಾಗೇ ಹಳದಿ.

ಏಪ್ರಿಲ್ 11
ಚಳಿ ದೇಶದವರು ತತ್ತಿ ಇಟ್ಟ ಡಬ್ಬಿ ಬಿಸಿ ಮಾಡಲು ಒದ್ದಾಡುತ್ತಾರೆ. ನನಗೆ ತಂಪು ಮಾಡುವುದೇ ಕೆಲಸ. ಇವುಗಳ ಗಂಡು ಹೆಣ್ಣು ತೀರ್ಮಾನ ಆಗುವುದು ಶಾಖದಿಂದ. 27 ಡಿಗ್ರಿ ಆಸುಪಾಸು ಇದ್ದರೆ ಗಂಡು, 31 ದಾಟಿದರೆ ಹೆಣ್ಣು. ಗಂಡು ಚಿಕ್ಕದಾಗಿ ಉಳಿಯುತ್ತದೆ, ತತ್ತಿಯ ತಾಪತ್ರಯವಿಲ್ಲ, ಅದಕ್ಕೆ ನನಗೆ ಗಂಡೇ ಬೇಕಿತ್ತು. ಥರ್ಮೋಕೋಲ್ ಡಬ್ಬಿಯನ್ನು ನಡುಮನೆಯ ನೆಲದ ಮೇಲೆ, ಹಸಿ ಗೋಣಿಚೀಲ ಸುತ್ತಿ, ನೀರಿನ ಹರವಿಯ ಪಕ್ಕ ಇಟ್ಟೆ. ಆದರೂ ಮಧ್ಯಾಹ್ನ 30, ಒಮ್ಮೊಮ್ಮೆ 31. ಕರೆಂಟ್ ಹೋಗಿ ಫ್ಯಾನ್ ನಿಂತ ದಿನ 32. ಹಳದಿ ತತ್ತಿ ತಗ್ಗು ಬಿದ್ದು ನಾರಿತು, ತೆಗೆದು ಎಸೆದೆ.

ಮೇ 19
16ಕ್ಕೆ 63ನೇ ದಿನ. ಅವತ್ತು ಬೆಳಿಗ್ಗೆ ಒಂದು ತತ್ತಿಯಲ್ಲಿ ಸೀಳು, ಅದರೊಳಗಿಂದ ಮೂತಿ. ಮೂತಿಯ ತುದಿಯಲ್ಲಿ ಚಿಪ್ಪು ಸೀಳುವ ಸಣ್ಣ ಮುಳ್ಳು. ಕೈ ಹಾಕಿ ಎಳೆಯಲು ಆಸೆಯಾಯಿತು, ಸುಮ್ನೆ ಕೂತೆ. ಪೂರ್ತಿ ಹೊರಬರಲು ಮರುದಿನ ಸಂಜೆಯಾಯಿತು. ಹೊಟ್ಟೆಗೆ ಇನ್ನೂ ಹಳದಿಯ ಚೀಲ ಅಂಟಿತ್ತು. ಅದು ಒಳಗೆ ಹೀರಿಕೊಳ್ಳುವವರೆಗೆ ಹಸಿ ಬಟ್ಟೆಯ ಮೇಲಿಟ್ಟೆ. ಎರಡನೆಯದು ಇವತ್ತು ಬಂತು.

ಜೂನ್ 2
ಎರಡೂ ಅವ್ವನ ಹಳೇ ಪರಾತದಲ್ಲಿ, ಎರಡು ಬೆರಳು ನೀರಿನಲ್ಲಿ. ಬೆಳಗಿನ ಬಿಸಿಲು ನೇರವಾಗಿ ಬೀಳಲಿ ಅಂತ ಕಟ್ಟೆಯ ಮೇಲೆ ಇಡುತ್ತೇನೆ. ಕಿಟಕಿ ಗಾಜಿನ ಮೂಲಕ ಬಂದ ಬಿಸಿಲಿನಿಂದ ಚಿಪ್ಪು ಗಟ್ಟಿಯಾಗುವುದಿಲ್ಲ. ಒಂದು ಎರೆಹುಳದ ತುಂಡು ತಿಂದಿತು, ಇನ್ನೊಂದಕ್ಕೆ ಬೇಡವಂತೆ. ಗಂಡೋ ಹೆಣ್ಣೋ ತಿಳಿಯಲು ಇನ್ನೂ ಎರಡು ಮೂರು ವರ್ಷ ಬೇಕು. ಆ ಶಾಖ ನೋಡಿದರೆ ಎರಡೂ ಹೆಣ್ಣೇ ಅನ್ನಿಸುತ್ತದೆ.

ಅವ್ವ ಈಗ ಬೆಕ್ಕು ಬರದಂತೆ ಪಕ್ಕದಲ್ಲೇ ಕೂತು ಕಾಯುತ್ತಾಳೆ. ಆದರೆ ರೊಟ್ಟಿ ಹಿಟ್ಟು ನಾದಲು ಪರಾತ ವಾಪಸ್ ಬೇಕಂತೆ. ಆಮೆಯ ಮೈಮೇಲೆ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ರೋಗಾಣು ಇರುತ್ತದೆ, ಆ ಪರಾತ ಇನ್ನು ಅಡುಗೆಮನೆಗೆ ಬರುವ ಹಾಗಿಲ್ಲ ಅಂದೆ. ಭಾನುವಾರ ದುರ್ಗದಬೈಲ್ ಪೇಟೆಗೆ ಹೋಗಿ ಹೊಸದು ತರಬೇಕು.