ದುಬೈಯಲ್ಲಿ ತೆನೆ ಹಬ್ಬ, ಅಮ್ಮನ ಹೆಸರಲ್ಲಿ

ಹೊನ್ನಾವರ, ಭಟ್ಕಳ ಕಡೆಯ ಕ್ರೈಸ್ತ ಕೇರಿಗಳಲ್ಲಿ ಸೆಪ್ಟೆಂಬರ್ 8ರ ತೆನೆ ಹಬ್ಬ, ಅಂದರೆ ಯೇಸುವಿನ ತಾಯಿ ಮರಿಯಮ್ಮನವರ ಹುಟ್ಟುಹಬ್ಬ, ಪಾದ್ರಿಗಳಿಂದ ಎಷ್ಟು ನಡೆಯುತ್ತದೋ ವಾರ್ಡಿನ ಹಿರಿಯ ಅಮ್ಮನಿಂದಲೂ ಅಷ್ಟೇ ನಡೆಯುತ್ತದೆ. ಮಕ್ಕಳ ಕೈಗೆ ಹೂವಿನ ತಟ್ಟೆ ಕೊಟ್ಟು ಒಂಬತ್ತು ದಿನದ ಪ್ರಾರ್ಥನೆಯಾದ ನೊವೇನಾಕ್ಕೆ ಕಳಿಸುವವರು, ಸಂಜೆ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ, ಹೇಳಿಸುವವರು, ಯಾವ ಮನೆಯಲ್ಲಿ ಯಾರು ತೀರಿಕೊಂಡಿದ್ದಾರೆಂದು ನೆನಪಿಟ್ಟು ಒಬ್ಬೊಬ್ಬರಿಗೂ ಪ್ರಾರ್ಥನೆ ಸೇರಿಸುವವರು ಅವರೇ. ಅಂಥವರು ತೀರಿಕೊಂಡ ಮೇಲೆ ದುಬೈಯ ಫ್ಲ್ಯಾಟಿನಲ್ಲಿ ಅವರನ್ನು ನೆನೆದು ಹಬ್ಬ ಮಾಡುವುದಾದರೆ ಫೋಟೊಕ್ಕೆ ಹಾರ ಹಾಕಿ ಮುಗಿಸುವಂತಿಲ್ಲ. ಅವರ ಕೆಲಸವನ್ನು ಯಾರಾದರೂ ವಹಿಸಿಕೊಳ್ಳಬೇಕು.

ಮೊದಲ ಕೆಲಸ ಹೆಸರುಗಳ ಪಟ್ಟಿ. ನೊವೇನಾ ಆಗಸ್ಟ್ 30ಕ್ಕೆ ಶುರು; ಅದಕ್ಕೆ ಮೊದಲೇ ಬರುವ ಮನೆಗಳಿಂದ ಅಗಲಿದವರ ಹೆಸರು ಕೇಳಿ ನೋಟ್‌ಬುಕ್ಕಿನಲ್ಲಿ ಮನೆವಾರು ಬರೆದಿಡಿ. ಪ್ರಾರ್ಥನೆಯ ಹೊತ್ತಿಗೆ ಕೇಳಿದರೆ ಒಬ್ಬರಾದರೂ ಬಿಟ್ಟುಹೋಗುತ್ತಾರೆ, ಆ ಬೇಸರ ವರ್ಷವಿಡೀ ಉಳಿಯುತ್ತದೆ.

ಊರಿನವರನ್ನು ವಿಡಿಯೊ ಕಾಲ್‌ನಲ್ಲಿ ಸೇರಿಸಿಕೊಳ್ಳುವವರೇ ಹೆಚ್ಚು. ದುಬೈ ಸಂಜೆ 7 ಅಂದರೆ ಊರಿನಲ್ಲಿ 8.30. ತೇರ್ಸಿನಲ್ಲಿ ಹೇಳಿಸುವವರು ಅರ್ಧ ಹೇಳಿ, ಉಳಿದರ್ಧವನ್ನು ಎಲ್ಲರೂ ಒಟ್ಟಿಗೆ ಹೇಳಬೇಕಲ್ಲ. ಕಾಲ್‌ನಲ್ಲಿ ಧ್ವನಿ ತುಸು ತಡವಾಗಿ ತಲುಪುವುದರಿಂದ ಎರಡನೇ ಮಣಿಗೇ ಗೋಜಲು ಶುರು. ಹೇಳಿಸುವವರದ್ದೊಂದೇ ಮೈಕ್ ತೆರೆದಿಟ್ಟು ಆ ಕಡೆಯವರೆಲ್ಲ ಮ್ಯೂಟ್ ಮಾಡಿಕೊಂಡರೆ ತೇರ್ಸಿನ ಐದು ಭಾಗಗಳಾದ ರಹಸ್ಯಗಳೂ ಸುಸೂತ್ರವಾಗಿ ಮುಗಿಯುತ್ತವೆ. ಹೆಸರು ಓದುವಾಗ ಮಾತ್ರ ಎಲ್ಲರ ಮೈಕ್ ತೆರೆಯಿರಿ.

ಹೂವಿಗೆ ಇಲ್ಲಿ ಚೆಂಡುಹೂವು, ಸೇವಂತಿಗೆ ಆದೀತು. ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಒಳಗೆ ನೀರಾಡಿ ಎಸಳು ಕಪ್ಪಾಗುತ್ತದೆ. ಕಾಗದದಲ್ಲಿ ಸುತ್ತಿ ಫ್ರಿಜ್ಜಿನ ಕೆಳಗಿನ ಡಬ್ಬದಲ್ಲಿಡಿ, ಎಸಳು ಬಿಡಿಸುವುದು ಚರ್ಚಿಗೆ ಹೊರಡುವ ಮುಂಚೆ.

ಇನ್ನು ಚರ್ಚಿನಲ್ಲಿ ಆಶೀರ್ವಾದ ಮಾಡಿಸುವ ಭತ್ತದ ತೆನೆ. ಬಾಲ್ಕನಿಯ ಬಕೆಟ್ಟಿನಲ್ಲಿ ಭತ್ತ ಬೆಳೆಸುವ ಆಸೆ ಹಲವರಿಗೆ. ಮೇ ತಿಂಗಳಲ್ಲಿ ಬಿತ್ತಿದರೆ ಗಿಡವೇನೋ ಹುಲುಸಾಗಿ ಬರುತ್ತದೆ, ಆದರೆ ಹೂಬಿಡುವ ಕಾಲಕ್ಕೆ ಬಿಸಿಲು 35 ಡಿಗ್ರಿ ದಾಟಿದರೆ ಪರಾಗ ಕೆಟ್ಟು ಕಾಳು ಕಟ್ಟುವುದಿಲ್ಲ. ದುಬೈಯ ಬೇಸಗೆ ಅದಕ್ಕಿಂತ ಎಷ್ಟೋ ಮೇಲೆ. ಸಿಗುವುದು ಬರೀ ಜೊಳ್ಳು. ಊರಿನಿಂದ ಹಸಿ ತೆನೆ ಬ್ಯಾಗಿನಲ್ಲಿ ತುಂಬಿ ತರುವುದೂ ಬೇಡ, ವಿಮಾನ ನಿಲ್ದಾಣದಲ್ಲಿ ಹಿಡಿದಿಟ್ಟಾರು. ಒಂದು ಹಿಡಿ ಅಕ್ಕಿಯನ್ನೇ ಬಟ್ಟೆಯಲ್ಲಿ ಕಟ್ಟಿಕೊಂಡು ಹೋಗಿ, ಪೂಜೆಯ ಮೊದಲೇ ಪಾದ್ರಿಗಳಲ್ಲಿ ಕೇಳಿ ಆಶೀರ್ವಾದ ಮಾಡಿಸಿಕೊಳ್ಳುವುದು ಲೇಸು.

ಅದರಲ್ಲಿ ಒಂದು ಚಮಚ ಅಕ್ಕಿಯನ್ನು ಎರಡು ಗಂಟೆ ನೆನೆಸಿ ಅರೆದು ಪಾಯಸಕ್ಕೆ ಬೆರೆಸಿ. ಹನ್ನೆರಡು ಜನಕ್ಕೆ ಕಡಲೆಬೇಳೆ 250 ಗ್ರಾಂ, ಬೆಲ್ಲವೂ ಅಷ್ಟೇ, ದೊಡ್ಡ ತೆಂಗಿನಕಾಯಿ ಒಂದು. ಬೇಳೆ ಬೆರಳಲ್ಲಿ ಹಿಸುಕಿದರೆ ಪುಡಿಯಾಗುವಷ್ಟು ಬೇಯುವ ಮುನ್ನ ಬೆಲ್ಲ ಹಾಕಬೇಡಿ; ಬೆಲ್ಲ ಬಿದ್ದ ಮೇಲೆ ಅದು ಮೆತ್ತಗಾಗುವುದೇ ಇಲ್ಲ. ಅರೆದ ಅಕ್ಕಿಯನ್ನು ತೆಂಗಿನಕಾಯಿಯ ತೆಳು ಹಾಲಿನಲ್ಲಿ ಕುದಿಸಿ, ಗಟ್ಟಿ ಹಾಲನ್ನು ಒಲೆ ಆರಿಸಿದ ಮೇಲೆ ಸೇರಿಸಿ. ಕುದಿದರೆ ಒಡೆಯುತ್ತದೆ.

ಊಟಕ್ಕೆ ಮೀನು, ಮಾಂಸ ಇಲ್ಲ. ಮೂರು, ಐದು, ಏಳು ಎಂದು ಬೆಸ ಲೆಕ್ಕದ ತರಕಾರಿ ಅಡುಗೆ. ಕೆಸುವಿನ ದಂಟು ಮಾತ್ರ ಹುಣಸೆಯ ಹುಳಿಯೊಂದಿಗೆ ಪೂರ್ತಿ ಕರಗುವವರೆಗೆ ಬೇಯಲಿ. ಅರೆಬೆಂದರೆ ಗಂಟಲು ತುರಿಸುತ್ತದೆ, ಆಮೇಲೆ ಯಾರೂ ತಟ್ಟೆಗೆ ಹಾಕಿಸಿಕೊಳ್ಳುವುದಿಲ್ಲ. ಮೊದಲು ಎಲ್ಲರಿಗೂ ಒಂದೊಂದು ಚಮಚ ಆಶೀರ್ವಾದದ ಅಕ್ಕಿಯ ಪಾಯಸ, ಹಿರಿಯರಿಂದ ಶುರುಮಾಡಿ. ಅಲ್ಲಿಯವರೆಗೆ ಬೇರೇನೂ ಬಡಿಸಬಾರದು.

ಹೂ ಒಯ್ದ ಮಕ್ಕಳಿಗೆ ಕಬ್ಬು ಕೊಡಲೇಬೇಕು. ಕಬ್ಬಿನ ಹಾಲಿನ ಅಂಗಡಿಯವರನ್ನು ಕೇಳಿದರೆ ಇಡೀ ಜಲ್ಲೆ ಸಿಗುತ್ತದೆ. ಸಿಪ್ಪೆ ತೆಗೆದಿಟ್ಟರೆ ಕೆಂಪಾಗಿ ಹುಳಿ ಬರುವುದರಿಂದ ಕೊಡುವ ಹೊತ್ತಿಗೇ ಸುಲಿಯಿರಿ.